ಹಸುಗೂಸಿಗೆ ಮಂಚದ ಬದಿಯ ತೊಟ್ಟಿಲು: ಆರಿಸುವ ಮುನ್ನ ತಿಳಿದಿರಲಿ

ಮನೆಗೆ ಹೊಸ ಮಗು ಬರಲಿದೆ ಎಂಬ ಸುದ್ದಿ ತಿಳಿದ ಕೂಡಲೇ ತಯಾರಿ ಆರಂಭವಾಗುತ್ತದೆ. ಬಾಣಂತನದ ಎಣ್ಣೆ, ಮೆತ್ತಗಿನ ಹಳೆ ಬಟ್ಟೆ, ಸ್ನಾನದ ಬಿಸಿನೀರಿನ ವ್ಯವಸ್ಥೆ, ಇವನ್ನೆಲ್ಲಾ ಮನೆಯ ಹಿರಿಯರು ನೋಡಿಕೊಳ್ಳುತ್ತಾರೆ. ಮಗು ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೂ ಹಿಂದೆ ಸುಲಭವಾದ ಉತ್ತರವಿತ್ತು. ಹಗಲು ಅಟ್ಟದಿಂದ ಇಳಿಸಿದ ತೊಟ್ಟಿಲಲ್ಲಿ, ರಾತ್ರಿ ತಾಯಿಯ ಮಗ್ಗುಲಲ್ಲಿ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಕರಾವಳಿಯ ಮನೆಗಳಿಗೆ ಇನ್ನೊಂದು ವಸ್ತು ಬಂದಿದೆ. ದುಬೈ, ಕುವೈಟ್, ಮಸ್ಕತ್ ಅಥವಾ ಇಂಗ್ಲೆಂಡಿನಲ್ಲಿ ದುಡಿಯುವ ಮಕ್ಕಳು ರಜೆಯಲ್ಲಿ ಬರುವಾಗ ಅದನ್ನು ಮಡಚಿ ತರುತ್ತಾರೆ. ಆನ್‌ಲೈನ್‌ನಲ್ಲಿ ತರಿಸುವವರೂ ಇದ್ದಾರೆ. ದೀಕ್ಷಾಸ್ನಾನಕ್ಕೆ ಉಡುಗೊರೆಯಾಗಿಯೂ ಕೊಡುತ್ತಾರೆ. ಅದೇ ಮಂಚದ ಬದಿಯ ತೊಟ್ಟಿಲು, ಅಂದರೆ ಬೆಡ್‌ಸೈಡ್ ಕ್ರಿಬ್. ಇದು ಒಳ್ಳೆಯ ವಸ್ತುವೇ. ಆದರೆ ನಮ್ಮ ಮಂಚಕ್ಕೆ ಹೊಂದದಿದ್ದರೆ ಇದೇ ತೊಟ್ಟಿಲು ಅಪಾಯಕ್ಕೂ ಕಾರಣವಾಗಬಹುದು. ಆದುದರಿಂದ ಕೊಳ್ಳುವವರು, ಕೊಡುವವರು ಮತ್ತು ಬಾಣಂತಿಯನ್ನು ನೋಡಿಕೊಳ್ಳುವವರು ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಹತ್ತಿರವಿರಲಿ, ಆದರೆ ಪ್ರತ್ಯೇಕವಿರಲಿ

ಮಂಚದ ಬದಿಯ ತೊಟ್ಟಿಲಿಗೆ ನಾಲ್ಕು ಬದಿಗಳಿರುತ್ತವೆ. ತಾಯಿಯ ಕಡೆಗಿರುವ ಬದಿಯನ್ನು ಕೆಳಗಿಳಿಸಬಹುದು. ತೊಟ್ಟಿಲನ್ನು ಮಂಚಕ್ಕೆ ತಾಗಿಸಿ ಪಟ್ಟಿಯಿಂದ ಬಿಗಿದರೆ ತಾಯಿ ಮಲಗಿದಲ್ಲಿಂದಲೇ ಮಗುವನ್ನು ಮುಟ್ಟಬಹುದು, ಎತ್ತಿ ಹಾಲುಣಿಸಬಹುದು, ಪುನಃ ಅಲ್ಲೇ ಮಲಗಿಸಬಹುದು. ಸಿಸೇರಿಯನ್ ಆದ ತಾಯಂದಿರಿಗೆ ರಾತ್ರಿ ನಾಲ್ಕೈದು ಬಾರಿ ಎದ್ದು ಬಗ್ಗುವುದು ಬಹಳ ಕಷ್ಟ. ಅಂಥವರಿಗೆ ಇದು ದೊಡ್ಡ ಉಪಕಾರ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2022ರಲ್ಲಿ ಪರಿಷ್ಕರಿಸಿದ ಸಲಹೆಯ ಪ್ರಕಾರ, ಮಗುವು ಕನಿಷ್ಠ ಮೊದಲ 6 ತಿಂಗಳು ಹೆತ್ತವರ ಕೋಣೆಯಲ್ಲಿ, ಅವರ ಹತ್ತಿರವೇ, ಆದರೆ ತನ್ನದೇ ಆದ ಪ್ರತ್ಯೇಕ ಹಾಸಿಗೆಯಲ್ಲಿ ಮಲಗಬೇಕು. ಹತ್ತಿರವಿದ್ದರೆ ಹಾಲುಣಿಸುವುದು ಸುಲಭ, ಮಗುವಿನ ಉಸಿರು, ಸದ್ದು ತಾಯಿಗೆ ತಿಳಿಯುತ್ತದೆ. ಪ್ರತ್ಯೇಕವಿದ್ದರೆ ದೊಡ್ಡವರ ಹೊದಿಕೆ, ದಿಂಬು ಅಥವಾ ದೇಹ ಮಗುವಿನ ಮೇಲೆ ಬೀಳುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಸಾಧಿಸುವುದೇ ಮಂಚದ ಬದಿಯ ತೊಟ್ಟಿಲಿನ ಉದ್ದೇಶ. ಯಾವುದೇ ತೊಟ್ಟಿಲನ್ನು ನೋಡುವಾಗ, ಇದು ಮಗುವನ್ನು ಹತ್ತಿರ ಇಡುತ್ತದೆಯೇ, ಜೊತೆಗೆ ಪ್ರತ್ಯೇಕವಾಗಿಯೂ ಇಡುತ್ತದೆಯೇ ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇಷ್ಟು ಎಚ್ಚರಿಕೆ ಏಕೆ?

ಆರೋಗ್ಯವಾಗಿದ್ದ ಹಸುಗೂಸು ನಿದ್ದೆಯಲ್ಲೇ ತೀರಿಕೊಳ್ಳುವ ಘಟನೆಗಳಿವೆ. ಪರೀಕ್ಷೆ ಮಾಡಿದರೂ ಕಾರಣ ತಿಳಿಯದಿದ್ದಾಗ ವೈದ್ಯರು ಇದನ್ನು ‘ಸಿಡ್ಸ್’ ಎನ್ನುತ್ತಾರೆ. ಒಂದರಿಂದ ನಾಲ್ಕು ತಿಂಗಳ ನಡುವೆ ಇದರ ಅಪಾಯ ಹೆಚ್ಚು. ಇನ್ನು ಕೆಲವು ಸಾವುಗಳಿಗೆ ಕಾರಣ ಸ್ಪಷ್ಟವಿರುತ್ತದೆ. ಮೆತ್ತನೆಯ ಹಾಸಿಗೆಯಲ್ಲಿ ಮುಖ ಹುದುಗುವುದು, ಹೊದಿಕೆ ಮುಖ ಮುಚ್ಚುವುದು, ಸಂದಿಯಲ್ಲಿ ಸಿಕ್ಕಿಕೊಳ್ಳುವುದು ಅವುಗಳಲ್ಲಿ ಮುಖ್ಯ.

ನವಜಾತ ಶಿಶುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕುತ್ತಿಗೆ ದುರ್ಬಲ. ಗಲ್ಲ ಎದೆಗೆ ಒತ್ತಿಕೊಂಡರೆ ಮೃದುವಾದ ಶ್ವಾಸನಾಳ ಮಡಚಿಕೊಳ್ಳುತ್ತದೆ. ಮುಖ ದಿಂಬಿನಲ್ಲಿ ಹುದುಗಿದರೆ ತಾನು ಹೊರಬಿಟ್ಟ ಉಸಿರನ್ನೇ ಪುನಃ ಎಳೆದುಕೊಳ್ಳುತ್ತದೆ. ತಲೆ ತಿರುಗಿಸಿ ಪಾರಾಗುವ ಶಕ್ತಿ ಅದಕ್ಕಿರುವುದಿಲ್ಲ, ಉಸಿರು ಕಟ್ಟಿದ ಮಗುವಿಗೆ ಅಳಲೂ ಆಗುವುದಿಲ್ಲ. ಪಕ್ಕದಲ್ಲೇ ಮಲಗಿದ್ದರೂ ತಾಯಿಗೆ ತಿಳಿಯದಿರುವುದು ಇದರಿಂದಲೇ.

1990ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳಲ್ಲಿ ಮಗುವನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ನಡೆಯಿತು. ಆ ಬಳಿಕ ಅಮೆರಿಕದಲ್ಲಿ ಸಿಡ್ಸ್ ಸಾವುಗಳು ಅರ್ಧಕ್ಕಿಂತಲೂ ಕೆಳಗಿಳಿದವು. ಖರ್ಚಿಲ್ಲದ ಒಂದು ಬದಲಾವಣೆಯಿಂದ ಇಷ್ಟೊಂದು ಮಕ್ಕಳು ಉಳಿಯಬಹುದಾದರೆ ಅದನ್ನು ನಾವೂ ಅನುಸರಿಸುವುದು ಒಳ್ಳೆಯದಲ್ಲವೇ?

ಮೊದಲು ನಿಮ್ಮ ಮಂಚವನ್ನು ಅಳೆಯಿರಿ

ಹೆಚ್ಚಿನವರು ತೊಟ್ಟಿಲಿನ ಬಣ್ಣ, ಬಟ್ಟೆ, ಬೆಲೆ ನೋಡಿ ಆರಿಸುತ್ತಾರೆ. ಆದರೆ ಮೊದಲು ನೋಡಬೇಕಾದುದು ನಮ್ಮ ಮಂಚವನ್ನು. ತೊಟ್ಟಿಲಿನ ಪೆಟ್ಟಿಗೆಯ ಮೇಲೆ ಅಥವಾ ಕೈಪಿಡಿಯಲ್ಲಿ ಅದು ಎಷ್ಟು ಎತ್ತರದ ಮಂಚಕ್ಕೆ ಹೊಂದುತ್ತದೆ ಎಂದು ಬರೆದಿರುತ್ತದೆ. ನೆಲದಿಂದ ನಿಮ್ಮ ಹಾಸಿಗೆಯ ಮೇಲ್ಭಾಗದ ವರೆಗೆ ಅಳೆದು ಹೋಲಿಸಿ. ಅಳತೆ ಹೊಂದದಿದ್ದರೆ ಆ ತೊಟ್ಟಿಲು ಎಷ್ಟೇ ಚೆನ್ನಾಗಿದ್ದರೂ ಬೇಡ.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ತೊಂದರೆಗಳು ಎದುರಾಗುತ್ತವೆ.

1. ಹಳೆ ಮರದ ಮಂಚ: ಇದರ ಬದಿಯ ಹಲಗೆ ಹಾಸಿಗೆಗಿಂತ ಹೊರಗೆ ಚಾಚಿರುತ್ತದೆ. ತೊಟ್ಟಿಲು ಹಲಗೆಗೆ ತಾಗಿ ನಿಲ್ಲುತ್ತದೆ, ಹಾಸಿಗೆಗೆ ತಾಗುವುದಿಲ್ಲ. ನಡುವೆ ಸಂದಿ ಉಳಿಯುತ್ತದೆ.

2. ಬಾಕ್ಸ್ ಮಂಚ: ಬಟ್ಟೆ ತುಂಬಿಸಿಡುವ ಪೆಟ್ಟಿಗೆಯಿರುವ ಮಂಚದ ಅಡಿಯಲ್ಲಿ ಜಾಗವಿರುವುದಿಲ್ಲ. ಹಲವು ತೊಟ್ಟಿಲುಗಳ ಕಾಲುಗಳು ಮಂಚದ ಅಡಿಗೆ ಸರಿಯಬೇಕು. ಸರಿಯದಿದ್ದರೆ ತೊಟ್ಟಿಲು ದೂರ ನಿಲ್ಲುತ್ತದೆ.

3. ಹತ್ತಿಯ ಹಾಸಿಗೆ: ಇದು ದಿನ ಕಳೆದಂತೆ ತಗ್ಗುತ್ತದೆ, ಅಂಚಿನಲ್ಲಿ ಜಾರುತ್ತದೆ. ಇಂದು ಹೊಂದಿದ ಎತ್ತರ ತಿಂಗಳ ಬಳಿಕ ಹೊಂದುವುದಿಲ್ಲ.

ಸಂದಿ ಚಿಕ್ಕದಾಗಿ ಕಂಡರೂ ಅದೇ ಹೆಚ್ಚು ಅಪಾಯಕಾರಿ. ಮಗುವಿನ ಕಾಲು, ಸೊಂಟ ಜಾರುವಷ್ಟು ಜಾಗವಿದ್ದು ತಲೆ ಜಾರದಿದ್ದರೆ ಮಗು ಕುತ್ತಿಗೆಯಲ್ಲಿ ತೂಗಿಕೊಳ್ಳುತ್ತದೆ. ಆದುದರಿಂದ ತೊಟ್ಟಿಲನ್ನು ಕೊಟ್ಟಿರುವ ಪಟ್ಟಿಗಳಿಂದಲೇ ಮಂಚದ ಚೌಕಟ್ಟಿಗೆ ಬಿಗಿಯಿರಿ. ಬಳಿಕ ತೊಟ್ಟಿಲನ್ನು ಜೋರಾಗಿ ಎಳೆದು ನೋಡಿ. ಅಲುಗಾಡಬಾರದು, ಸಂದಿ ತೆರೆಯಬಾರದು. ಸಂದಿಗೆ ಟವೆಲ್, ದಿಂಬು ತುರುಕಿ ಸರಿಮಾಡುವ ಅಭ್ಯಾಸ ಕೆಲವರಿಗಿದೆ. ಅದು ಎಂದಿಗೂ ಬೇಡ. ತುರುಕಿದ ಬಟ್ಟೆ ಸರಿದರೆ ಸಂದಿ ಪುನಃ ತೆರೆಯುತ್ತದೆ, ಮೇಲೆ ಬಂದರೆ ಮಗುವಿನ ಮುಖ ಮುಚ್ಚುತ್ತದೆ.

ಮಂಚಕ್ಕೆ ಹೊಂದದ ತೊಟ್ಟಿಲು ಈಗಾಗಲೇ ಮನೆಗೆ ಬಂದಿದ್ದರೆ ಬಿಸಾಡಬೇಕಾಗಿಲ್ಲ. ನಾಲ್ಕೂ ಬದಿಗಳನ್ನು ಮೇಲೆತ್ತಿ ಭದ್ರಪಡಿಸಿ, ಮಂಚದಿಂದ ಒಂದೆರಡು ಅಡಿ ದೂರದಲ್ಲಿ ಸಾಮಾನ್ಯ ತೊಟ್ಟಿಲಿನಂತೆ ಬಳಸಬಹುದು. ತಾಯಿ ಕೈಚಾಚಿದರೆ ಸಿಗುವ ದೂರ ಸಾಕು.

ತೊಟ್ಟಿಲಿನಲ್ಲಿ ನೋಡಬೇಕಾದುದು

ಇಳಿಸಿದ ಬದಿಯ ಎತ್ತರ: ತಾಯಿಯ ಕಡೆಯ ಬದಿಯನ್ನು ಪೂರ್ತಿ ಇಳಿಸಿದಾಗಲೂ ಮಗುವಿನ ಹಾಸಿಗೆಗಿಂತ ಮೇಲೆ ಗಟ್ಟಿಯಾದ ಒಂದು ಅಂಚು ಉಳಿಯಬೇಕು. ಯುರೋಪಿನ 2019ರ ಮಾನದಂಡದಲ್ಲಿ, ಅಂದರೆ ಇಎನ್ 1130ರಲ್ಲಿ, ಈ ಅಂಚು ಕನಿಷ್ಠ 12 ಸೆಂಟಿಮೀಟರ್ ಇರಬೇಕು. ಮಗು ದೊಡ್ಡವರ ಹಾಸಿಗೆಗೆ ಉರುಳದಂತೆ, ದೊಡ್ಡವರ ಹೊದಿಕೆ ಇತ್ತ ಜಾರದಂತೆ ತಡೆಯುವುದು ಈ ಅಂಚೇ. ನಿಮ್ಮ ಹಾಸಿಗೆಯ ಮೇಲ್ಭಾಗ ಈ ಅಂಚಿಗಿಂತ ಎತ್ತರವಿರಬಾರದು. ಒಂದು ಬದಿ ಸಂಪೂರ್ಣ ತೆರೆದಿರುವ, ಅಂಚೇ ಇಲ್ಲದ ತೊಟ್ಟಿಲುಗಳನ್ನು ಕೊಳ್ಳಬೇಡಿ.

ಹಾಸಿಗೆ ಗಟ್ಟಿ ಇರಲಿ: ಅಂಗೈಯಿಂದ ಒತ್ತಿ ಕೈ ತೆಗೆದಾಗ ತಗ್ಗು ಉಳಿಯಬಾರದು. ದೊಡ್ಡವರಿಗೆ ಹಿತವೆನಿಸುವ ಮೆತ್ತನೆ ಹಸುಗೂಸಿಗೆ ಹಿತವಲ್ಲ. ಹಾಸಿಗೆ ಮತ್ತು ಬದಿಯ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗವಿರಬಾರದು. ತೊಟ್ಟಿಲಿನೊಂದಿಗೆ ಬಂದ ಹಾಸಿಗೆಯನ್ನೇ ಬಳಸಿ. ಗಟ್ಟಿಯಾಯಿತೆಂದು ಅದರ ಮೇಲೆ 5 ಸೆಂಟಿಮೀಟರಿನ ಇನ್ನೊಂದು ಹಾಸಿಗೆ ಹಾಕಿದರೆ 12 ಸೆಂಟಿಮೀಟರಿನ ಅಂಚು 7ಕ್ಕೆ ಇಳಿಯಿತು ಎಂಬುದು ನೆನಪಿರಲಿ.

ಸಮತಟ್ಟಾಗಿರಲಿ: ಕೆಲವು ತೊಟ್ಟಿಲುಗಳಲ್ಲಿ ತಲೆಭಾಗವನ್ನು ಎತ್ತರಿಸುವ ಸೌಕರ್ಯವಿರುತ್ತದೆ. ಹಾಲು ಕಕ್ಕುವ ಮಗುವಿಗೆ ಇದು ಒಳ್ಳೆಯದೆಂದು ಅಂಗಡಿಯವರು ಹೇಳುತ್ತಾರೆ. ತಲೆ ಎತ್ತರಿಸುವುದರಿಂದ ಕಕ್ಕುವುದು ಕಡಿಮೆಯಾಗುವುದಿಲ್ಲ, ಬದಲಿಗೆ ಮಗು ಕೆಳಕ್ಕೆ ಜಾರಿ ಗಲ್ಲ ಎದೆಗೆ ಒತ್ತಿಕೊಳ್ಳುತ್ತದೆ. ಅಮೆರಿಕದಲ್ಲಿ 2019ರ ಏಪ್ರಿಲ್‌ನಲ್ಲಿ ಒಂದೇ ಮಾದರಿಯ ಸುಮಾರು 47 ಲಕ್ಷ ಓರೆ ತೊಟ್ಟಿಲುಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅವುಗಳಲ್ಲಿ 30ಕ್ಕೂ ಹೆಚ್ಚು ಶಿಶುಗಳು ಮೃತಪಟ್ಟದ್ದು ಅದಾಗಲೇ ವರದಿಯಾಗಿತ್ತು. 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ಶಿಶು ತೊಟ್ಟಿಲುಗಳನ್ನೂ ತೊಟ್ಟಿಲಿನೊಳಗೆ ಸುತ್ತ ಕಟ್ಟುವ ಹತ್ತಿಯ ಮೆತ್ತೆಗಳನ್ನೂ ಅಲ್ಲಿ 2022ರ ಕಾನೂನಿನ ಮೂಲಕ ನಿಷೇಧಿಸಲಾಗಿದೆ.

ಬದಿಗಳು: ಗಾಳಿಯಾಡುವ ಬಲೆಬಟ್ಟೆಯಾದರೆ ಬಿಗಿಯಾಗಿರಬೇಕು, ಎಲ್ಲೂ ಹರಿದಿರಬಾರದು. ಮರದ ಕಡ್ಡಿಗಳಾದರೆ ನಡುವಿನ ಅಂತರ 6 ಸೆಂಟಿಮೀಟರ್ ಮೀರಬಾರದು. ಅಳತೆಪಟ್ಟಿ ಇಲ್ಲದಿದ್ದರೆ ತಂಪು ಪಾನೀಯದ ದಪ್ಪ ಡಬ್ಬಿಯನ್ನು ತೂರಿಸಿ ನೋಡಿ. ಡಬ್ಬಿ ಹೋದರೆ ಮಗುವಿನ ದೇಹವೂ ಹೋಗುತ್ತದೆ.

ಬೀಗ ಮತ್ತು ಗಾಲಿ: ಬದಿಯನ್ನು ಮೇಲೆತ್ತಿದಾಗ ‘ಟಕ್’ ಎಂದು ಭದ್ರವಾಗಿ ಕೂರಬೇಕು. ಗಾಲಿಗಳಿದ್ದರೆ ತಡೆ ಇರಬೇಕು. ತೂಗುವ ತೊಟ್ಟಿಲಾದರೆ ಮಗು ನಿದ್ದೆ ಹೋದ ಬಳಿಕ ತೂಗದಂತೆ ನಿಲ್ಲಿಸುವ ವ್ಯವಸ್ಥೆ ಇರಬೇಕು.

ಮಾನದಂಡದ ಗುರುತು: ಯುರೋಪಿನ ಇಎನ್ 1130, ಅಮೆರಿಕದ ಎಎಸ್‌ಟಿಎಂ ಎಫ್ 2906 ಈ ಬಗೆಯ ತೊಟ್ಟಿಲುಗಳಿಗೆ ಸಂಬಂಧಿಸಿದ ಮಾನದಂಡಗಳು. ತೊಟ್ಟಿಲಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಈ ಸಂಖ್ಯೆ, ತಯಾರಕರ ವಿಳಾಸ, ತಯಾರಾದ ತಿಂಗಳು, ತೂಕದ ಮಿತಿ ಇವೆಯೇ ನೋಡಿ. ಜಾಹೀರಾತಿನಲ್ಲಿ ಬರೆದ ಮಾತ್ರಕ್ಕೆ ನಂಬಬೇಡಿ.

ಹಳೆಯ ತೊಟ್ಟಿಲು, ಬಡಗಿ ಮಾಡಿದ ತೊಟ್ಟಿಲು

ನಮ್ಮಲ್ಲಿ ತೊಟ್ಟಿಲು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದು ವಾಡಿಕೆ. ವಾರ್ಡಿನ ಗುರ್ಕಾರರು, ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಬಡ ಕುಟುಂಬಗಳಿಗೆ ಇಂಥ ವಸ್ತುಗಳನ್ನು ತಲುಪಿಸುವುದೂ ಇದೆ. ಇದು ಪುಣ್ಯದ ಕೆಲಸ. ಆದರೆ ಕೊಡುವ ಮುನ್ನ ಒಮ್ಮೆ ಪರೀಕ್ಷಿಸಿ. ಪಟ್ಟಿ, ತಿರುಪು, ಕೈಪಿಡಿ ಎಲ್ಲಾ ಇವೆಯೇ? ಬಿಗಿಯುವ ಪಟ್ಟಿ ಕಳೆದುಹೋಗಿದ್ದರೆ ಹಗ್ಗ ಕಟ್ಟಿ ಕೊಡಬೇಡಿ.

ವಿದೇಶದಿಂದ ಬಂದ, ಬದಿಯನ್ನು ಮೇಲೆ ಕೆಳಗೆ ಜಾರಿಸುವ ಹಳೆಯ ದೊಡ್ಡ ಕ್ರಿಬ್‌ಗಳು ಕೆಲವು ಮನೆಗಳಲ್ಲಿವೆ. ಬದಿ ಕಳಚಿ ಮಕ್ಕಳು ಸಿಕ್ಕಿಕೊಂಡ ಕಾರಣ 2011ರ ಜೂನ್‌ನಿಂದ ಅಮೆರಿಕದಲ್ಲಿ ಇವುಗಳ ಮಾರಾಟ ನಿಂತಿದೆ. ಇವುಗಳನ್ನು ದಾನ ಮಾಡುವುದಕ್ಕಿಂತ ಬಿಚ್ಚಿಹಾಕುವುದು ಲೇಸು. ಬಣ್ಣ ಬಳಿದ ಹಳೆಯ ತೊಟ್ಟಿಲಾದರೆ ಇನ್ನೊಂದು ವಿಷಯ. ಮನೆ ಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣಕ್ಕೆ ನಮ್ಮ ದೇಶದಲ್ಲಿ ಕಡ್ಡಾಯ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣ ಚಕ್ಕೆ ಏಳುತ್ತಿದ್ದರೆ ಅಂಥ ತೊಟ್ಟಿಲು ಬೇಡ.

ಊರಿನ ಬಡಗಿಯಿಂದ ಮಾಡಿಸುವುದಾದರೆ ನಾಲ್ಕೂ ಬದಿ ಗಟ್ಟಿಯಾಗಿ ಕೂಡಿಸಿದ, ಚಿಕ್ಕ ತೊಟ್ಟಿಲನ್ನು ಮಾಡಿಸಿ ಮಂಚದ ಪಕ್ಕ ಇಡಿ. ಒಂದು ಬದಿ ತೆರೆದು ಮಂಚಕ್ಕೆ ಬಿಗಿಯುವ ವ್ಯವಸ್ಥೆ ಸರಿಯಾಗಿ ಮಾಡುವುದು ಕಷ್ಟ. ಕಡ್ಡಿಗಳ ಅಂತರ ಮತ್ತು ಹಾಸಿಗೆಯ ಅಳತೆಯನ್ನು ಮೊದಲೇ ಬರೆದು ಕೊಡಿ. ಮೂಲೆಯ ಕಂಬಗಳ ಮೇಲೆ ಗುಂಡು, ಹೂವಿನ ಕೆತ್ತನೆ ಇಡಬಾರದು, ಬಟ್ಟೆ ಸಿಕ್ಕಿಕೊಳ್ಳುತ್ತದೆ.

ದುಬಾರಿ ತೊಟ್ಟಿಲು ಕೊಳ್ಳಲಾಗದವರು ಬೇಸರಪಡಬೇಕಾಗಿಲ್ಲ. ಹತ್ತಿರ, ಪ್ರತ್ಯೇಕ, ಗಟ್ಟಿ, ಸಮತಟ್ಟು ಎಂಬ ಗುಣಗಳಿರುವ ಸಾದಾ ತೊಟ್ಟಿಲು ಸಾವಿರಾರು ರೂಪಾಯಿಯ ತೊಟ್ಟಿಲಿಗೆ ಸಮ. ತಾಯಿ ನೆಲದಲ್ಲಿ ಚಾಪೆ ಹಾಸಿ ಮಲಗುವ ಮನೆಯಲ್ಲಿ ಮಗುವಿಗೆ ಪಕ್ಕದಲ್ಲೇ ಪ್ರತ್ಯೇಕವಾದ, ತೆಳುವಾದ, ಗಟ್ಟಿ ಹಾಸಿಗೆ ಹಾಕಿ. ಅದು ಗೋಡೆಗೆ ತಾಗಿಕೊಂಡಿರಬಾರದು, ದೊಡ್ಡವರ ಕಂಬಳಿ ತಲುಪುವಂತಿರಬಾರದು.

ತೊಟ್ಟಿಲು ಖಾಲಿಯಿರಲಿ

ಒಳ್ಳೆಯ ತೊಟ್ಟಿಲು ತಂದು ಅದರೊಳಗೆ ದಿಂಬು, ಗೊಂಬೆ, ಕೌದಿ ತುಂಬಿದರೆ ತಂದದ್ದು ವ್ಯರ್ಥ. ಬಿಗಿಯಾಗಿ ಹಾಸಿದ ಒಂದು ಬಟ್ಟೆ, ಅದರ ಮೇಲೆ ಮಗು, ಅಷ್ಟೇ.

ತಲೆ ಗುಂಡಗಾಗಲೆಂದು ಸಾಸಿವೆ ಅಥವಾ ರಾಗಿ ತುಂಬಿದ ದಿಂಬು ಇಡುವ ಪದ್ಧತಿ ಹಲವು ಮನೆಗಳಲ್ಲಿದೆ. ಒಂದು ವರ್ಷದ ವರೆಗೆ ಯಾವ ದಿಂಬೂ ಬೇಡ. ಎಚ್ಚರವಿರುವಾಗ, ಯಾರಾದರೂ ನೋಡಿಕೊಳ್ಳುತ್ತಿರುವಾಗ ಮಗುವನ್ನು ಸ್ವಲ್ಪ ಹೊತ್ತು ಕವುಚಿ ಹಾಕಿದರೆ ತಲೆಯ ಆಕಾರಕ್ಕೂ, ಕುತ್ತಿಗೆಯ ಬಲಕ್ಕೂ ಒಳ್ಳೆಯದು.

ದೀಕ್ಷಾಸ್ನಾನದಲ್ಲಿ ಸಿಕ್ಕಿದ ಚಿನ್ನದ ಸರ, ಕರಿಮಣಿ, ಕುತ್ತಿಗೆಯ ದಾರವನ್ನು ಮಲಗಿಸುವಾಗ ತೆಗೆದಿಡಿ. ತೊಟ್ಟಿಲಿನ ಅಂಚಿಗೆ ಜಪಸರ ಕಟ್ಟುವ ಭಕ್ತಿ ದೊಡ್ಡದೇ, ಆದರೆ ಮಗುವಿನ ಕೈಗೆ ಸಿಗುವ ಯಾವ ಸರವೂ ಅಲ್ಲಿರಬಾರದು. ಅದನ್ನು ಗೋಡೆಯ ಶಿಲುಬೆಯ ಬಳಿ ತೂಗುಹಾಕಿ. ಪ್ರಾರ್ಥನೆ ಅಲ್ಲಿಂದಲೂ ಸಲ್ಲುತ್ತದೆ.

ಸೀರೆಯ ಜೋಲಿಯ ಬಗ್ಗೆಯೂ ಎಚ್ಚರ ಬೇಕು. ಅದರಲ್ಲಿ ಮಗುವಿನ ಬೆನ್ನು ಬಾಗುತ್ತದೆ, ಗಲ್ಲ ಎದೆಗೆ ಬರುತ್ತದೆ. ದೊಡ್ಡ ಮಕ್ಕಳು ಆಡುವಾಗ ಸೀರೆ ಕುತ್ತಿಗೆಗೆ ಸುತ್ತಿಕೊಂಡ ಅವಘಡಗಳೂ ವರದಿಯಾಗಿವೆ. ಅಳುವ ಮಗುವನ್ನು ಸಮಾಧಾನಪಡಿಸಲು ಎದುರಿಗಿದ್ದು ತೂಗಿದರೂ ನಿದ್ದೆ ಬಂದ ಮೇಲೆ ಸಮತಟ್ಟಾದ ತೊಟ್ಟಿಲಿಗೆ ಬದಲಿಸಿ.

ನಮ್ಮ ಹವೆಗೆ ತಕ್ಕಂತೆ

ಕರಾವಳಿಯ ಸೆಕೆಯಲ್ಲಿ ಮಗುವಿಗೆ ಚಳಿಯಾಗುತ್ತದೆಂದು ಟೊಪ್ಪಿ, ಕಾಲುಚೀಲ, ಎರಡು ಹೊದಿಕೆ ಹಾಕುವುದು ಸಾಮಾನ್ಯ. ಅತಿಯಾದ ಬಿಸಿಯೂ ಅಪಾಯಕಾರಿ. ಕುತ್ತಿಗೆಯ ಹಿಂದೆ ಮುಟ್ಟಿ ನೋಡಿ, ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ. ಮಲಗುವಾಗ ಟೊಪ್ಪಿ ಬೇಡ. ಮಗು ಮಗ್ಗುಲಾಗಲು ಯತ್ನಿಸತೊಡಗಿದ ಬಳಿಕ ಬಟ್ಟೆಯಲ್ಲಿ ಸುತ್ತುವುದನ್ನು ನಿಲ್ಲಿಸಬೇಕು.

ಸೊಳ್ಳೆಪರದೆ ನಮಗೆ ಅನಿವಾರ್ಯ. ತಾಯಿಯ ಮಂಚ, ತೊಟ್ಟಿಲು ಎರಡನ್ನೂ ಒಟ್ಟಿಗೆ ಮುಚ್ಚುವ ದೊಡ್ಡ ಪರದೆ ಉತ್ತಮ. ತೊಟ್ಟಿಲಿಗೆ ಮಾತ್ರ ಹಾಕುವುದಾದರೆ ಪರದೆ ಬಿಗಿಯಾಗಿರಲಿ, ಮುಖದ ಮೇಲೆ ಜೋತು ಬೀಳದಿರಲಿ. ಸೊಳ್ಳೆಬತ್ತಿಯ ಹೊಗೆ, ಸಾಂಬ್ರಾಣಿ ಹೊಗೆ ಮಗು ಮಲಗುವ ಕೋಣೆಯಲ್ಲಿ ಬೇಡ. ಬೀಡಿ, ಸಿಗರೇಟಿನ ಹೊಗೆಯಂತೂ ಸಿಡ್ಸ್ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ದೃಢಪಟ್ಟಿದೆ.

ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಕಡಲ ಗಾಳಿಗೆ ತಿರುಪುಗಳು ತುಕ್ಕು ಹಿಡಿಯುತ್ತವೆ. ವಾರಕ್ಕೊಮ್ಮೆ ತಿರುಪು, ಪಟ್ಟಿ, ಬೀಗ ಪರೀಕ್ಷಿಸಿ. ಬಿಸಿಲು ಬಂದಾಗ ಹಾಸಿಗೆ ಒಣಗಿಸಿ.

ಹಿರಿಯರಿಗೆ ತಿಳಿಹೇಳುವುದು ಹೇಗೆ?

“ನಾವೆಲ್ಲಾ ಮಗ್ಗುಲಲ್ಲೇ ಮಲಗಿಸಿ ಬೆಳೆಸಿದ್ದಲ್ಲವಾ? ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕುವುದಿಲ್ಲವಾ?” ಎಂದು ಅಜ್ಜಿಯಂದಿರು ಕೇಳುತ್ತಾರೆ. ಅವರ ಕಾಳಜಿ ಸಹಜ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಕಕ್ಕಿದ ಹಾಲು ಕೆಳಗಿನ ಅನ್ನನಾಳಕ್ಕೇ ಮರಳುತ್ತದೆ. ಕವುಚಿ ಮಲಗಿದಾಗ ಶ್ವಾಸನಾಳ ಕೆಳಗಾಗಿ ಹಾಲು ಅದರತ್ತ ಹರಿಯುವ ಸಾಧ್ಯತೆ ಹೆಚ್ಚು. ಇದನ್ನು ವಾದ ಮಾಡದೆ ಶಾಂತವಾಗಿ ವಿವರಿಸಿದರೆ ಹಿರಿಯರು ಒಪ್ಪುತ್ತಾರೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಬಳಿಕ 42 ದಿನಗಳೊಳಗೆ ಆಶಾ ಕಾರ್ಯಕರ್ತೆಯರು 6 ಬಾರಿ ಮನೆಗೆ ಭೇಟಿ ನೀಡುವ ವ್ಯವಸ್ಥೆಯಿದೆ. ಆಗ ಮಗು ಮಲಗುವ ಜಾಗವನ್ನೂ ಅವರಿಗೆ ತೋರಿಸಿ. ಅವಧಿಗೆ ಮುನ್ನ ಹುಟ್ಟಿದ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳ ವಿಷಯದಲ್ಲಿ ಮಕ್ಕಳ ವೈದ್ಯರ ಸಲಹೆಯಂತೆ ನಡೆಯಿರಿ.

ರಾತ್ರಿ ಹಾಲುಣಿಸುವಾಗ ತಾಯಿಗೆ ನಿದ್ದೆ ಬರುವುದು ಸಹಜ. ಸೋಫಾದಲ್ಲಿ ಕುಳಿತು ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯ. ಮಂಚದಲ್ಲೇ ಹಾಲುಣಿಸಿ, ದಿಂಬು, ಹೊದಿಕೆಗಳನ್ನು ಮೊದಲೇ ದೂರ ಸರಿಸಿ, ಎಚ್ಚರವಾದ ಕೂಡಲೇ ಮಗುವನ್ನು ತೊಟ್ಟಿಲಿಗೆ ಮರಳಿಸಿ. ಮನೆಯವರೂ ಒಂದೊಂದು ಸರದಿ ಎದ್ದು ಮಗುವನ್ನು ಎತ್ತಿ ಕೊಟ್ಟರೆ ಬಾಣಂತಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಯಾವಾಗ ಬದಲಿಸಬೇಕು?

ಮಂಚದ ಬದಿಯ ತೊಟ್ಟಿಲು ಕೆಲವೇ ತಿಂಗಳ ವಸ್ತು. ಮಗು ತಾನಾಗಿ ಉರುಳಲು ಅಥವಾ ಕೈ ಊರಿ ಎದೆ ಎತ್ತಲು ಆರಂಭಿಸಿದ ದಿನವೇ, ಇಲ್ಲವೇ ಚೀಟಿಯಲ್ಲಿರುವ ತೂಕದ ಮಿತಿ ಮುಟ್ಟಿದಾಗ, ಎತ್ತರದ ಬದಿಗಳುಳ್ಳ ದೊಡ್ಡ ತೊಟ್ಟಿಲಿಗೆ ಬದಲಿಸಬೇಕು. ಸಾಮಾನ್ಯವಾಗಿ ಐದಾರು ತಿಂಗಳೊಳಗೆ ಈ ಹಂತ ಬರುತ್ತದೆ. ಇನ್ನೂ ಒಂದು ತಿಂಗಳು ನಡೆಯಲಿ ಎಂದು ಕಾಯಬೇಡಿ.

ಬದಲಿಸಿದ ಬಳಿಕ ಆ ತೊಟ್ಟಿಲನ್ನು ಒರೆಸಿ, ಒಣಗಿಸಿ, ಪಟ್ಟಿ ಮತ್ತು ಕೈಪಿಡಿಯನ್ನು ಅದರೊಳಗೇ ಕಟ್ಟಿಡಿ. ವಾರ್ಡಿನಲ್ಲಿ ಇನ್ನೊಂದು ಮನೆಗೆ ಮಗು ಬಂದಾಗ ತೊಟ್ಟಿಲಿನ ಜೊತೆಗೆ ಹತ್ತು ನಿಮಿಷ ಕುಳಿತು ಅದನ್ನು ಬಿಗಿಯುವ ರೀತಿಯನ್ನೂ ತೋರಿಸಿ ಕೊಡಿ.